ಉಪಗ್ರಹ ಚಿತ್ರದಲ್ಲಿ ಬಣ್ಣ ನೋಡಿ ಮರಳಿನ ಮೂಲ ಹೇಳಬಹುದೇ?

ಪದೇ ಪದೇ ಬರುವ ಪ್ರಶ್ನೆ ಇದು. ಬಣ್ಣವೊಂದೇ ಸಾಲದು, ಆದರೆ ಎಲ್ಲಿ ಹುಡುಕಬೇಕೆಂದು ಅದು ತೋರಿಸುತ್ತದೆ. ನಮೀಬಿಯಾದ ನಮೀಬ್ ಮರುಭೂಮಿಯನ್ನೇ ನೋಡಿ. ಕರಾವಳಿಯ ಮರಳು ತಿಳಿಹಳದಿ; ಒಳನಾಡಿಗೆ ಹೋದಂತೆ ಕಡುಕೆಂಪು. ಬೆಣಚುಕಲ್ಲಿನ ಹರಳುಗಳ ಮೇಲೆ ಕಬ್ಬಿಣದ ಆಕ್ಸೈಡ್ ತೆಳುವಾಗಿ ಲೇಪಗೊಂಡಿರುವುದೇ ಈ ಕೆಂಪಿಗೆ ಕಾರಣ. ಆ ಲೇಪ ನೀಲಿ ಬೆಳಕನ್ನು ಹೀರಿ ಕೆಂಪನ್ನು ಹಿಂದಿರುಗಿಸುತ್ತದೆ. ಹಾಗಾಗಿ ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಬ್ಯಾಂಡ್ 4ನ್ನು (ಕೆಂಪು ಬೆಳಕಿನ ಪಟ್ಟಿ) ಬ್ಯಾಂಡ್ 2ರಿಂದ (ನೀಲಿ) ಭಾಗಿಸಿದರೆ ಕೆಂಪಿನ ಅಳತೆ ಸಿಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಕಲೆಕ್ಷನ್ 2, ಲೆವೆಲ್ 2 ಎಂಬ ಲ್ಯಾಂಡ್‌ಸ್ಯಾಟ್ ಕಡತದ ಅಂಕಿಯಿಂದ ನಿಜವಾದ ಪ್ರತಿಫಲನ ಪಡೆಯಲು ಅದನ್ನು ಮೊದಲು 0.0000275ರಿಂದ ಗುಣಿಸಿ, 0.2 ಕಳೆಯಬೇಕು. ಕೆಂಪು 16000, ನೀಲಿ 11000 ಇದೆ ಎನ್ನಿ. ನೇರ ಭಾಗಿಸಿದರೆ 1.45, ಸರಿಪಡಿಸಿದರೆ 0.24 ಮತ್ತು 0.1025, ಅನುಪಾತ 2.34. ಗುಣಿಸದೆ ಬರೀ 0.2 ಕಳೆದರೆ ಅನುಪಾತ 1.45ರಲ್ಲೇ ಉಳಿಯುತ್ತದೆ. ಹಾಗಾಗಿ ಎರಡರಲ್ಲಿ ಯಾವುದನ್ನೂ ಬಿಡುವಂತಿಲ್ಲ.

ನಮೀಬ್ ಕರಾವಳಿಯ ಮಂಜು ಇನ್ನೂ ಅಪಾಯಕಾರಿ. ತೆಳು ಮಂಜು ನೀಲಿಯನ್ನು ಹೆಚ್ಚಿಸಿ ಅನುಪಾತ ತಗ್ಗಿಸುತ್ತದೆ. ಅಂದರೆ ನಾವು ಹುಡುಕುತ್ತಿರುವ ವ್ಯತ್ಯಾಸವನ್ನೇ ಸುಳ್ಳಾಗಿ ಸೃಷ್ಟಿಸುತ್ತದೆ. ಒಂದೇ ಚಿತ್ರ ನಂಬದೆ, ಹಲವು ಶುಭ್ರ ದಿನಗಳ ಚಿತ್ರಗಳ ಮಧ್ಯಾಂಕ ತೆಗೆಯಿರಿ. ಜೂನ್ ಚಿತ್ರಗಳೂ ಬೇಡ: ದಕ್ಷಿಣ ಗೋಳಾರ್ಧದಲ್ಲಿ ಆಗ ಚಳಿಗಾಲ, ಸೂರ್ಯ ತಗ್ಗಿನಲ್ಲಿರುವುದರಿಂದ ದಿಬ್ಬಗಳ ನೈಋತ್ಯ ಇಳಿಜಾರು ನೆರಳಿಗೆ ಸರಿಯುತ್ತದೆ, ಅಲ್ಲಿ ಬೀಳುವುದು ಆಕಾಶದ ನೀಲಿ ಬೆಳಕು ಮಾತ್ರ. ಡಿಸೆಂಬರ್ ವಾಸಿ.

ಮುಂದೆ ಟೆರ್ರಾ ಉಪಗ್ರಹದ ಆಸ್ಟರ್ ಉಪಕರಣದ ಉಷ್ಣ ಬ್ಯಾಂಡ್‌ಗಳು. ಬ್ಯಾಂಡ್ 11ರ ವರ್ಗವನ್ನು ಬ್ಯಾಂಡ್ 10 ಮತ್ತು 12ರ ಗುಣಲಬ್ಧದಿಂದ ಭಾಗಿಸಿದರೆ ಬೆಣಚುಕಲ್ಲಿನ ಸೂಚ್ಯಂಕ. ಅದು ಹೆಚ್ಚುಕಡಿಮೆ ಒಂದೇ ಇದ್ದು ಕೆಂಪು ಮಾತ್ರ ಬದಲಾದರೆ, ಬದಲಾಗಿರುವುದು ಖನಿಜವಲ್ಲ, ಲೇಪ ಎಂದು ಶಂಕಿಸಬಹುದು. ಪಿಕ್ಸೆಲ್ 90 ಮೀಟರ್, ಸಣ್ಣ ದಿಬ್ಬಗಳಿಗೆ ಒರಟು.

ಆದರೆ ಲೇಪ ಕೆಂಪಾಗಿರುವುದೇಕೆ? ಮರಳು ಹಳೆಯದಾಗಿರಬಹುದು, ಇಲ್ಲವೇ ಅಡಿಯಲ್ಲಿರುವ ಪುರಾತನ ತ್ಸೊಂದಾಬ್ ಮರಳುಗಲ್ಲು ಸವೆದು ಬೆರೆತಿರಬಹುದು. ಉಪಗ್ರಹಕ್ಕೆ ಎರಡೂ ಒಂದೇ. ಮೂಲ ಹೇಳುವುದು ಮರಳಿನಲ್ಲಿರುವ ಜಿರ್ಕಾನ್ ಎಂಬ ಖನಿಜದ ಹರಳುಗಳ ಯುರೇನಿಯಂ-ಸೀಸ ವಯಸ್ಸು; ಹರಳು ಹುಟ್ಟಿದ ಕಾಲ ಅದು ಯಾವ ಬಂಡೆಯಿಂದ ಬಂತೆಂಬ ಸುಳಿವು ಕೊಡುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಮೀಬ್ ಮರಳಿನ ವಯಸ್ಸುಗಳು ದಕ್ಷಿಣಕ್ಕಿರುವ ಆರೆಂಜ್ ನದಿಯ ಮರಳಿಗೆ ಹೊಂದಿದವು. ನದಿ ಸಮುದ್ರಕ್ಕೆ ಸುರಿದದ್ದನ್ನು ತೀರದ ಅಲೆಗಳು ಉತ್ತರಕ್ಕೆ ಒಯ್ದು, ದಕ್ಷಿಣದ ಗಾಳಿ ಒಳನಾಡಿಗೆ ಹೊತ್ತಿದೆ. ಮರಳು ಅಲ್ಲಿ ಹತ್ತು ಲಕ್ಷ ವರ್ಷಕ್ಕೂ ಹೆಚ್ಚು ಕಾಲದಿಂದ ಇದೆ ಎಂಬುದೂ ಅದೇ ಅಧ್ಯಯನದ ಫಲ.

ಆದ್ದರಿಂದ ನಕ್ಷೆಯಲ್ಲಿ ಅನುಪಾತ ಥಟ್ಟನೆ ಬದಲಾಗುವ ಗೆರೆ ಗುರುತಿಸಿ, ಅದರ ಎರಡೂ ಬದಿಯಿಂದ ಮಾದರಿ ತೆಗೆಯಿರಿ. ಗಾಳಿ ಕಣಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುತ್ತದೆ. ಒಂದು ಬದಿಯಲ್ಲಿ ದಿಬ್ಬದ ನೆತ್ತಿಯಿಂದ ತೆಗೆದರೆ ಇನ್ನೊಂದು ಬದಿಯಲ್ಲೂ ನೆತ್ತಿಯಿಂದಲೇ ತೆಗೆಯಬೇಕು.