ಏಳು ಎಕ್ಕದೆಲೆ

"ಏನ್ರೀ ಇದು, ಒಂದೂ ನೆಟ್ಟಗಿಲ್ವಲ್ರೀ! ತೂತಿನೆಲೆ ತಲೆ ಮೇಲಿಟ್ಕೊಂಡು ಸ್ನಾನ ಮಾಡೋದಾ?"

ರಥಸಪ್ತಮಿಯ ಹಿಂದಿನ ಸಂಜೆ ಎದುರುಮನೆ ಆಂಟಿ ನಮ್ಮ ಗೇಟಿನಲ್ಲಿ ನಿಂತು ಹೀಗೆ ಕೂಗಿದ್ದು ವಾರವಾಗುತ್ತ ಬಂದರೂ ಕಿವಿಯಿಂದ ಹೋಗಿಲ್ಲ. ಎಕ್ಕ ಕಾಂಪೌಂಡಿನ ಬುಡದಲ್ಲಿ ತಾನಾಗೇ ಹುಟ್ಟಿದಾಗ "ಇದು ಪಾಳುಬಿದ್ದ ಮನೆ ಮುಂದೆ ಏಳೋ ಗಿಡ, ಕಿತ್ತು ಬಿಸಾಕಿ" ಅಂದವರೂ ಅವರೇ. ಹಾಲು ಮಕ್ಕಳ ಕಣ್ಣಿಗೆ ಬಿದ್ದರೆ ಗತಿಯೇನು ಅಂತಲೂ ಕೇಳಿದ್ದರು. ಅದು ನ್ಯಾಯವಾದ ಮಾತು, ರಸ್ತೆ ಕಡೆಯ ಕೊಂಬೆ ಸವರಿದ್ದೆ. ಹಬ್ಬ ಬಂದಾಗ ಮಾತ್ರ ಅದೇ ಗಿಡಕ್ಕೆ ಬುಟ್ಟಿ ಹಿಡಿದು ಬರುತ್ತಾರೆ.

ತೂತು ಮಾಡಿದ್ದು ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳುಗಳು. ಬಿಳಿ, ಕಪ್ಪು, ಹಳದಿ ಪಟ್ಟೆ, ಬೆನ್ನ ಮೇಲೆ ಮೂರು ಜೋಡಿ ಕಪ್ಪು ಕೊಂಬು. ಎಲೆಯ ನರ ಕಚ್ಚಿ, ಹಾಲು ಸೋರಿಹೋಗಲು ಬಿಟ್ಟು, ಆಮೇಲೆ ಊಟಕ್ಕೆ ಕೂರುವ ಜಾಣರು. ಚಿಟ್ಟೆಯಾದ ಮೇಲೆ ಹಕ್ಕಿಗಳಿಗೆ ಇದರ ರುಚಿ ಹಿಡಿಸುವುದಿಲ್ಲ. ಅದಕ್ಕೇ ಡನೈಡ್ ಎಗ್‌ಫ್ಲೈ ಎಂಬ ಬೇರೆಯೇ ಜಾತಿಯ ಹೆಣ್ಣು ಥೇಟ್ ಇದರದೇ ವೇಷ ಹಾಕಿಕೊಂಡು ತಿರುಗುತ್ತದೆ. ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ.

"ಹುಳಾನಾ? ಔಷಧಿ ಹೊಡೀಬಾರ್ದಾ?"

ಮೊಬೈಲ್ ಟಾರ್ಚ್ ಹಿಡಿದು ಇಬ್ಬರೂ ಹುಡುಕಿದೆವು. ಒಂದೊಂದು ಎಲೆ ಸಿಕ್ಕಾಗಲೂ "ತಿರುಗಿಸಿ ನೋಡಿ ಆಂಟಿ, ಅಡಿಯಲ್ಲಿ ಮೊಟ್ಟೆ ಇರತ್ತೆ" ಅಂತ ನಾನು. "ಹಬ್ಬ ನಂದೋ ಹುಳದ್ದೋ?" ಅಂತ ಅವರು. ಕೊನೆಗೆ ಆರು ಇಡಿ ಎಲೆ, ಅಂಚು ತಿಂದಿದ್ದ ಒಂದು ಎಲೆ. "ಹೋಗ್ಲಿ ಬಿಡಿ, ಸೂರ್ಯನಾರಾಯಣ ಎಣಿಸ್ತಾನೆ, ಅಳೆಯಲ್ಲ" ಅಂದರು. ಎಷ್ಟೇ ಜೋರು ಮಾಡಲಿ, ಈ ಮಾತಿಗಾಗಿ ಅವರನ್ನು ಕ್ಷಮಿಸಬಹುದು.

ಆಮೇಲೆ ಯೋಚಿಸಿದರೆ, ಸಿಟ್ಟು ಬರಬೇಕಾದ್ದು ಅವರ ಮೇಲಲ್ಲ. ನರ್ಸರಿಯಲ್ಲಿ ಊರಿನ ಗಿಡ ಕೇಳಿದರೆ ನಗುತ್ತಾರೆ. "ಇದು ತಗೊಳ್ಳಿ, ಹುಳಾನೇ ಬೀಳಲ್ಲ" ಅಂತ ಹೊಳೆಯುವ ಎಲೆಯ ವಿದೇಶಿ ಗಿಡ ಕೊಡುತ್ತಾರೆ. ಹುಳವೇ ಮೂಸದ ಗಿಡದಲ್ಲಿ ಮರಿಗುಬ್ಬಿಯ ಬಾಯಿಗಿಡಲು ತಾಯಿಗೆ ಏನು ಸಿಗುತ್ತದೆ? ನಮ್ಮ ರಸ್ತೆಯಲ್ಲಿ ಉಳಿದಿರುವ ಊರಿನ ಗಿಡಗಳ ಹಿಂದೆಲ್ಲ ಒಬ್ಬ ದೇವರೋ ಒಂದು ಒಗ್ಗರಣೆಯೋ ಇದೆ. ಶಿವನಿಗೆಂದು ಬೆಳೆಸಿದ ಬಿಲ್ವದಲ್ಲಿ ಲೈಮ್ ಚಿಟ್ಟೆ, ಸಾರಿಗೆಂದು ನೆಟ್ಟ ಕರಿಬೇವಿನಲ್ಲಿ ಕಾಮನ್ ಮಾರ್ಮನ್ ಮೊಟ್ಟೆಯಿಡುತ್ತವೆ. ನನ್ನಂಥವರ ಪರಿಸರ ಭಾಷಣಕ್ಕಿಂತ ಪಂಚಾಂಗವೇ ಹೆಚ್ಚು ಗಿಡ ಉಳಿಸಿದೆ ಅಂತ ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾಗುತ್ತದೆ, ಅಷ್ಟೆ.

ಆದರೆ ಯಾವ ದೇವರೂ ಕೇಳದ ಗಿಡಗಳ ಕಥೆ? ಬಡಾವಣೆಯ ಕೊನೆಯ ಖಾಲಿ ಸೈಟಿನಲ್ಲಿ ಗಿಲಿಗಿಲಿ ಗಿಡವಿದೆ. ಅದರ ಒಣಗಿದ ಕಾಂಡ, ಕಾಯಿಗಳಿಗೆ ಬ್ಲೂ ಟೈಗರ್ ಚಿಟ್ಟೆಯ ಗಂಡುಗಳು ಮುತ್ತಿಕೊಳ್ಳುತ್ತವೆ. ಹೆಣ್ಣನ್ನು ಒಲಿಸುವ ಗಂಧ ತಯಾರಿಸಲು ಬೇಕಾದ ರಸ ಅವಕ್ಕೆ ಸಿಗುವುದು ಅಲ್ಲಿ. ಸೈಟಿಗೆ ಆಗಲೇ ಸುಣ್ಣದ ಗೆರೆ ಬಿದ್ದಿದೆ. ಜೆಸಿಬಿ ಬರುವ ಮುಂಚೆ ಬೀಜ ತಂದು ಎಕ್ಕದ ಪಕ್ಕ ಹಾಕಬೇಕು. ಮೊಳಕೆ ಎದ್ದ ದಿನವೇ "ಇದು ಯಾವ ಹಬ್ಬಕ್ರೀ?" ಅಂತ ಆಂಟಿ ಕೇಳೇ ಕೇಳುತ್ತಾರೆ. ಉತ್ತರ ಇನ್ನೂ ಹೊಳೆದಿಲ್ಲ.