ಒಂದು ಎಲೆ, ಒಂದು ಮೊಟ್ಟೆ

ಬ್ರಿಟನ್ನಿನ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಮೊಟ್ಟೆ ಇಡುವ ವಿಡಿಯೋ ನೋಡಿದೆ. ನೋಡೋಕೆ ಹಲ್ಲಿಯ ಹಾಗೆ, ಆದರೆ ಕಪ್ಪೆಗಳ ಬಳಗ. ತಾಯಿ ನೀರೊಳಗಿನ ಎಲೆಯನ್ನು ಹಿಂಗಾಲಲ್ಲಿ ಹಿಡಿದು, ಒಂದೇ ಒಂದು ಮೊಟ್ಟೆ ಇಟ್ಟು, ಎಲೆ ಮಡಚುತ್ತದೆ. ಆಮೇಲೆ ಇನ್ನೊಂದು ಎಲೆ. ಹೀಗೆ ಸುಮಾರು 200 ಸಲ! ಅದರಲ್ಲಿ ಅರ್ಧದಷ್ಟು ಹುಟ್ಟು ದೋಷದಿಂದ ಮೊಟ್ಟೆಯೊಳಗೇ ಸಾಯುತ್ತವೆ. ಸಂಕಟ ಆಯ್ತು.

ಉಳಿದ ಮರಿಗಳಿಗೆ ಮೀನಿನ ಕಾಟ. ಅದಕ್ಕೇ ಇವುಗಳಿಗಾಗಿ ಹೊಸ ಕೊಳ ತೋಡುವವರು ಮೀನು ಬಿಡುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಕೊಳ ಒಣಗಿದರೂ ಒಳ್ಳೆಯದೇ, ಮೀನು ಉಳಿಯುವುದಿಲ್ಲ ಅಲ್ವಾ. ದಡದ ಹುಲ್ಲು, ಪೊದೆ, ಬಿದ್ದ ಮರದ ದಿಮ್ಮಿಗಳನ್ನು ಹಾಗೇ ಬಿಡುತ್ತಾರೆ. ನ್ಯೂಟ್‌ಗಳು ಚಳಿಗಾಲ ಕಳೆಯುವುದು ಅಲ್ಲೇ.

ಒಣಗಿದ ಕೊಳ ಅಂದರೆ ಸತ್ತ ಕೊಳ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ.