ಪೆನ್ಸಿಲಿನಲ್ಲಿ ಬರೆದ ಕನ್ನಡ

ಹತ್ತನೇ ಕ್ಲಾಸಿನವರೆಗೂ ನನ್ನದು ಕನ್ನಡ ಮಾಧ್ಯಮ. ಪಿಯು ಸೈನ್ಸ್ ಅಂತ ಶಿರಸಿಯಿಂದ ಧಾರವಾಡಕ್ಕೆ ಬಂದೆ. ಆಕ್ಸಲರೇಷನ್ ಅಂದರೆ ನಾನು ಓದಿದ್ದ ವೇಗೋತ್ಕರ್ಷವೇ ಎಂದು ತಿಳಿಯದೆ ಮೊದಲ ವಾರವೇ ಅತ್ತಿದ್ದೆ.

ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು ಗದಗಿನವಳು. ನನ್ನ ನೋಟ್ಸ್ ಎಳೆದುಕೊಂಡು ಒಂದೊಂದೇ ಇಂಗ್ಲಿಷ್ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಬರೆದಳು. ಮೊಮೆಂಟಮ್ ಮೇಲೆ ಸಂವೇಗ. ಡಿಸ್‌ಪ್ಲೇಸ್‌ಮೆಂಟ್ ಮೇಲೆ ಸ್ಥಾನಪಲ್ಲಟ. ರಾತ್ರಿ ಹನ್ನೊಂದಾಗಿತ್ತು. ‘ಎಲ್ಲಾ ನಿನಗ ಗೊತ್ತೈತಿ, ಹೆಸರಷ್ಟ ಬ್ಯಾರೆ’ ಅಂದಳು. ಎಷ್ಟು ಧೈರ್ಯ ಬಂತು ಗೊತ್ತಾ?

ಜ್ವರ ಬಂದಾಗ ಮೆಸ್ಸಿನಲ್ಲಿ ಹೇಳಿ ಗಂಜಿ ಮಾಡಿಸಿದವಳು ಇನ್ನೊಬ್ಬಳು. ರೊಟ್ಟಿ ತಿಂದು ಬೆಳೆದ ಅವಳಿಗೆ ಗಂಜಿ ಸೇರುತ್ತಿರಲಿಲ್ಲ. ಆದರೂ ಜೊತೆಗೆ ಕೂತು ಕುಡಿದಳು.

ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಪೆನ್ಸಿಲ್ ಅಕ್ಷರ ಸ್ವಲ್ಪ ಮಾಸಿದೆ. ಥ್ಯಾಂಕ್ಸ್ ಕಣ್ರೇ, ಇಬ್ಬರಿಗೂ.